ಕಪ್ಪು ಕಿಂಡಿಯ ಮೇಲಿನ ಕುಂಕುಮ

ಹೊಳೆಯ ದಂಡೆಯ ಆಶ್ರಮದಲ್ಲಿ ಸುಗುಣ ಎಂಬ ಶಿಷ್ಯೆ ಇದ್ದಳು. ಅವಳ ಬಳಿ ತಾಯಿಯ ಹಳೇ ಲ್ಯಾಪ್‌ಟಾಪ್ ಒಂದಿತ್ತು, ಜೊತೆಗೆ ದೂರದಿಂದಲೇ ವೀಡಿಯೊ ಹಾಕಲು ಅದರದೇ ಪುಟ್ಟ ರಿಮೋಟ್.

ಅದರೊಳಗೆ ತಾಯಿಯ ದನಿ ಇತ್ತು. ಅವರೆಕಾಯಿ ಸುಲಿಯುತ್ತ ಮಗಳನ್ನು ಬೈಯುವ ಒಂದು ವೀಡಿಯೊ, ಅಷ್ಟೇ. ತಾಯಿ ತೀರಿಕೊಂಡು ವರ್ಷವಾಗುತ್ತ ಬಂದಿತ್ತು. ಇಷ್ಟು ದಿನ ಅದನ್ನು ಮುಟ್ಟುವ ಧೈರ್ಯ ಅವಳಿಗಿರಲಿಲ್ಲ. ಆದರೆ ಊರು ದೂರ. ಆ ಸೀಮೆಯ ಮಾತಾಡುವವರು ಆಶ್ರಮದಲ್ಲಿ ಒಬ್ಬರೂ ಇಲ್ಲ. ಒಂದು ಬೆಳಗ್ಗೆ ತಡೆಯಲಾಗದೆ ತೆರೆದಳು.

ಕೀಲಿಮಣೆ, ಟಚ್‌ಪ್ಯಾಡ್ ಎರಡೂ ಕೆಟ್ಟಿದ್ದು ಹಳೇ ಕಥೆ. ರಿಮೋಟೊಂದೇ ದಾರಿ. ಒತ್ತಿದಳು, ಏನೂ ಆಗಲಿಲ್ಲ. ಸೆಲ್ ಬದಲಾಯಿಸಿ ಒತ್ತಿದಳು. ಹತ್ತಿರ ಹಿಡಿದು ಒತ್ತಿದಳು.

ಸ್ನಾನ ಮುಗಿಸಿದ ಗುರುಗಳು ಒದ್ದೆ ಬಟ್ಟೆ ಹಿಂಡುತ್ತ ಬಂದರು. "ಯಾರನ್ನಮ್ಮ ಹಾಗೆ ಹಿಸುಕ್ತಾ ಇದ್ದೀಯ?"

"ರಿಮೋಟ್ ಕೆಟ್ಟಿದೆ, ಗುರುಗಳೇ."

"ಹೇಗೆ ಗೊತ್ತು?"

ಸುಗುಣ ರಿಮೋಟಿನ ಮೂತಿಗೆ ಮೊಬೈಲ್ ಕ್ಯಾಮೆರಾ ಹಿಡಿದು ಗುಂಡಿ ಒತ್ತಿದಳು. ಬರಿಗಣ್ಣಿಗೆ ಕಾಣದ ಬೆಳಕು ಮೊಬೈಲಿನಲ್ಲಿ ಮಿಣುಕಿತು.

"ಇಲ್ಲ, ಕೆಟ್ಟಿಲ್ಲ," ಎಂದಳು ಮೆತ್ತಗೆ.

"ಪಾಪ, ಅದು ಕರೀತಾನೇ ಇದೆ. ಕೇಳಿಸಿಕೊಳ್ಳೋ ಕಿವಿ ಎಲ್ಲಿ?"

"ಲ್ಯಾಪ್‌ಟಾಪಿನ ಮುಂದಿನ ಅಂಚಲ್ಲಿ. ಒಂದು ಸಣ್ಣ ಕಪ್ಪು ಕಿಂಡಿ."

ತೋರಿಸಲು ಹೋದ ಬೆರಳು ಅಲ್ಲೇ ನಿಂತಿತು. ಕಿಂಡಿಯ ಮೇಲೆ ಗಂಧ, ಗಂಧದ ಮೇಲೆ ಕುಂಕುಮ, ದಪ್ಪಗೆ ಒಣಗಿತ್ತು. ಅದರಲ್ಲಿ ಒಂದು ಬೆರಳಿನ ಗೆರೆಗಳು ಮೂಡಿದ್ದವು.

ಗುರುಗಳು ಒದ್ದೆ ಬಟ್ಟೆ ಚಾಚಿದರು. "ಒರೆಸು."

"ಆಗಲ್ಲ. ಹೋದ ಆಯುಧಪೂಜೆಗೆ ಅಮ್ಮ ಇಟ್ಟಿದ್ದು. ಅಲ್ಲಿ ಬೇಡಮ್ಮ ಅಂದೆ. 'ಪೂಜೆ ಮಾಡೋದನ್ನ ನಂಗೇ ಹೇಳಿಕೊಡ್ತೀಯೇನೇ' ಅಂದಳು. ದೀಪಾವಳಿಗೆ ಅವಳಿರಲಿಲ್ಲ."

"ದನಿ ಬೇಡವಾ?"

"ಬೇಕು. ಇದೂ ಬೇಕು."

ಗುರುಗಳು ಹೊಳೆ ನೋಡುತ್ತ ಕೂತರು.

ಬಹಳ ಹೊತ್ತಿನ ಮೇಲೆ ಅವಳೇ ಆ ಬಟ್ಟೆ ತೆಗೆದುಕೊಂಡಳು. ಕಿಂಡಿಯವರೆಗೆ ಒಯ್ದು, ಮತ್ತೆ ಗುರುಗಳ ಕಡೆ ಚಾಚಿದಳು.

"ನೀವೇ ಒರೆಸಿಬಿಡಿ."

"ನನಗೆ ಅದು ಬರೀ ಕುಂಕುಮ."

"ಒರೆಸಿದ ಮೇಲೂ ದನಿ ಬರದಿದ್ದರೆ? ಎರಡೂ ಹೋಗುತ್ತಲ್ಲ, ಗುರುಗಳೇ. ಅವಳದ್ದು ಅಂತ ನನ್ನ ಹತ್ತಿರ ಏನೂ ಉಳಿಯಲ್ಲ."

ಗುರುಗಳು ಅವಳ ಕೈಯಿಂದ ಬಟ್ಟೆಯನ್ನು ಹಿಂದಕ್ಕೆ ತೆಗೆದುಕೊಂಡರು.

"ಬಟ್ಟೆ ಬೇಡ. ಬೆರಳಲ್ಲಿ ಒರೆಸಿ, ಹಣೆಗಿಟ್ಟುಕೋ."