ಬಂಗಾರಿಯ ಬುಟ್ಟಿ, ಅಪ್ಪನ ಗೋಣಿ

ತೋಟಪ್ಪ ಶೆಟ್ಟರ ಧಾನ್ಯದಂಗಡಿಯಲ್ಲಿ ಬೆಕ್ಕಿರಲಿಲ್ಲ. ಹಾವಿತ್ತು.

ಹೆದರಬೇಡಿ, ಕೇರೆ ಹಾವು. ವಿಷವಿಲ್ಲ. ಹಳದಿ ಮೈ, ಅದಕ್ಕೇ ಬಂಗಾರಿ ಅಂತ ಹೆಸರು. ಮರಿಯಾಗಿದ್ದಾಗ ರಾಗಿ ಮೂಟೆಗಳ ಸಂದಿಯಲ್ಲಿ ಸಿಕ್ಕಿದ್ದು, ಶೆಟ್ಟರ ಕೈಯಲ್ಲೇ ಬೆಳೆಯಿತು. ಅದು ಬಂದ ಮೇಲೆ ಅಂಗಡಿಯಲ್ಲಿ ಇಲಿಗಳ ಸದ್ದೇ ಇಲ್ಲ. ಶೆಟ್ಟರಿಗೆ ಮಕ್ಕಳಿರಲಿಲ್ಲ. ಬಂಗಾರಿ ಅವರ ತೋಳಿಗೆ ಸುತ್ತಿಕೊಂಡು ನಿದ್ದೆ ಹೋದರೆ ಗಿರಾಕಿಗಳು ಕಾಯಬೇಕಿತ್ತು. ಅದು ಏಳುವ ತನಕ ಶೆಟ್ಟರು ತಕ್ಕಡಿ ಮುಟ್ಟುತ್ತಿರಲಿಲ್ಲ.

ಅದು ಮಲಗುತ್ತಿದ್ದದ್ದು ಗಲ್ಲಾಪೆಟ್ಟಿಗೆಯ ಪಕ್ಕದ ಬಿದಿರು ಬುಟ್ಟಿಯಲ್ಲಿ. ಬುಟ್ಟಿಯೊಳಗೆ ಹಾಸಿದ್ದು ಒಂದು ಹಳೇ ಗೋಣಿ. ಅದು ಅಂತಿಂಥ ಗೋಣಿಯಲ್ಲ. ಶೆಟ್ಟರ ತಂದೆ ಅಂಗಡಿ ತೆರೆದ ದಿನ ಮೊದಲು ಬಿಚ್ಚಿದ ಚೀಲ. ಮೊದಲ ಚೀಲವನ್ನು ಒಗೆಯಬಾರದು, ಕೊಡವಲೂಬಾರದು ಎನ್ನುವುದು ಆ ಮನೆತನದ ಪದ್ಧತಿ. ಕೊಡವಿದರೆ ಧೂಳಿನ ಜೊತೆ ಲಕ್ಷ್ಮಿಯೂ ಉದುರಿಹೋಗುತ್ತಾಳಂತೆ. ಶುಕ್ರವಾರ ಅದಕ್ಕೆ ಕುಂಕುಮ ಇಡುತ್ತಿದ್ದರು, ಅಷ್ಟೆ. ಅಂಥ ಗೋಣಿಯ ಮೇಲೆ ಮಲಗಿಸುವಷ್ಟು ಪ್ರೀತಿ ಬಂಗಾರಿಯ ಮೇಲೆ.

ಒಂದು ಬೇಸಿಗೆಯಲ್ಲಿ ಬಂಗಾರಿಗೆ ನುಸಿ ಹತ್ತಿತು. ಸಾಸಿವೆಗಿಂತ ಸಣ್ಣ ಕಪ್ಪು ಹುಳಗಳು. ಗದ್ದದ ಕೆಳಗೆ, ಕಣ್ಣಿನ ಸುತ್ತ, ಮೈಯ ಹುರುಪೆಗಳ ಸಂದಿಯಲ್ಲಿ ಕೂತು ರಕ್ತ ಹೀರತೊಡಗಿದವು. ಬಂಗಾರಿ ಊಟ ಬಿಟ್ಟಿತು. ಇಲಿ ಎದುರಿಗೇ ಓಡಾಡಿದರೂ ತಿರುಗಿ ನೋಡಲಿಲ್ಲ. ಪೊರೆ ಸರಿಯಾಗಿ ಬಿಡದೆ ಚೂರುಚೂರಾಗಿ ಮೈಗೇ ಅಂಟಿಕೊಂಡಿತು. ಅದಕ್ಕೆ ಇದ್ದದ್ದು ಒಂದೇ ಆಸೆ, ನೀರು. ಕಣ್ತಪ್ಪಿಸಿ ಅಡುಗೆಮನೆಗೆ ಹರಿದುಹೋಗಿ ಅಗಲ ಬಾಯಿಯ ಹಿತ್ತಾಳೆ ಕೊಳದಪ್ಪಲೆಯಲ್ಲಿ ತುಂಬಿಟ್ಟ ನೀರಿಗೆ ಇಳಿದುಬಿಡುತ್ತಿತ್ತು.

"ರೀ! ನಿಮ್ಮ ಮಗಳು ಮತ್ತೆ ಕುಡಿಯೋ ನೀರಲ್ಲಿ ಕೂತಿದ್ದಾಳೆ!" ಎಂದು ಶೆಟ್ಟರ ಹೆಂಡತಿ ಸಾಕಮ್ಮ ಕೂಗುತ್ತಿದ್ದರು.

"ಪಾಪ, ಸೆಕೆ ಕಣೇ," ಎಂದು ಶೆಟ್ಟರು ಓಡಿಬಂದು ಎತ್ತಿಕೊಳ್ಳುತ್ತಿದ್ದರು. ಪಂಚೆಯ ಅಂಚಿನಲ್ಲಿ ಮೈ ಒರೆಸಿ, ಮತ್ತೆ ಅದೇ ಬುಟ್ಟಿಯಲ್ಲಿ, ಅದೇ ಗೋಣಿಯ ಮೇಲೆ ಮಲಗಿಸುತ್ತಿದ್ದರು.

ಪೇಟೆಯವರೆಲ್ಲ ವೈದ್ಯರಾದರು. ಎಣ್ಣೆ ಅಂಗಡಿಯವರು ಬೇವಿನೆಣ್ಣೆ ಕೊಟ್ಟರು. ಹಚ್ಚಿದ ದಿನ ನುಸಿ ಕಡಿಮೆಯಾಯಿತು, ಬೆಳಗಾದರೆ ಮತ್ತೆ ಅಷ್ಟೇ. ಎದುರು ಮನೆಯ ಅಜ್ಜಿ ಅರಿಶಿನ ಅರೆದು ಕೊಟ್ಟರು. ಅದೂ ಹಾಗೇ. ಕೊನೆಗೆ ಶೆಟ್ಟರು ಮೆಣಸಿನಕಾಯಿ ನಿವಾಳಿಸಿ ಹಾವಿಗೆ ದೃಷ್ಟಿ ತೆಗೆದರು. ನಗಬೇಡಿ, ನಿಜವಾಗಿ ತೆಗೆದರು. ಬಂಗಾರಿಗೆ ಏನೂ ಆಗಲಿಲ್ಲ, ಸಾಕಮ್ಮನವರಿಗೆ ಸಂಜೆವರೆಗೂ ಕೆಮ್ಮು.

ಮರುದಿನ ಕೊಳದಪ್ಪಲೆಯ ನೀರು ಚೆಲ್ಲಲು ಹೋದ ಸಾಕಮ್ಮ, ತಳದಲ್ಲಿ ಕಪ್ಪು ಪುಡಿಯಂಥದ್ದು ಕಂಡು ಗಂಡನನ್ನು ಕರೆದರು.

"ನೋಡಿ, ಸತ್ತ ನುಸಿ. ಅವಳು ಸೆಕೆಗೆ ನೀರಿಗಿಳೀತಿಲ್ಲ. ನುಸಿ ಬಿಡಿಸ್ಕೊಳ್ಳೋಕೆ ಇಳೀತಾ ಇದ್ದಾಳೆ. ನೀವು ಎತ್ಕೊಂಡು ಹೋಗಿ ಮತ್ತೆ ನುಸಿ ಗೂಡಿಗೇ ಹಾಕ್ತೀರಿ."

"ಯಾವ ಗೂಡು?"

"ಆ ಗೋಣಿ."

"ಬಾಯಿ ಮುಚ್ಚೇ! ನಮ್ಮಪ್ಪನ ಗೋಣೀಲಿ ನುಸಿ ಇರುತ್ತಾ?"

"ನಿಮ್ಮಪ್ಪ ಒಳ್ಳೆಯವರೇ. ನಾನು ಗೋಣಿ ವಿಷಯ ಹೇಳ್ತಿರೋದು."

ಶೆಟ್ಟರು ಬುಟ್ಟಿ ಬದಲಾಯಿಸಿದರು. ಬುಟ್ಟಿ ಇಡುವ ಜಾಗ ಬದಲಾಯಿಸಿದರು. ನೆಲ ಸಾರಿಸಿದರು. ಆಮೇಲೆ ಹೊಸ ಬುಟ್ಟಿಯೊಳಗೆ ಜೋಪಾನವಾಗಿ, ಒಂದು ಎಳೆಯೂ ಕೊಡವದೆ, ಅದೇ ಗೋಣಿ ಹಾಸಿದರು. ಇಂಥವರಿಗೆ ಏನು ಹೇಳೋಣ, ನೀವೇ ಹೇಳಿ.

ಒಂದು ಬೆಳಗ್ಗೆ ಬಂಗಾರಿಗೆ ನೀರಿನ ತನಕ ಹರಿಯಲೂ ಶಕ್ತಿಯಿರಲಿಲ್ಲ. ಬುಟ್ಟಿಯ ಅಂಚಿಗೆ ತಲೆಯಿಟ್ಟು ಸುಮ್ಮನೆ ಬಿದ್ದಿತ್ತು.

"ಅವಳು ಸಾಯ್ತಾಳೆ," ಎಂದರು ಸಾಕಮ್ಮ. "ಗೋಣಿ ಬೇಕೋ ಅವಳು ಬೇಕೋ, ಹೇಳಿಬಿಡಿ."

ಶೆಟ್ಟರಿಗೆ ರೇಗಿಹೋಯಿತು. ಗೋಣಿಯನ್ನು ಬುಟ್ಟಿಯಿಂದ ಎಳೆದು ಶಾಲಿನ ಹಾಗೆ ಹೊದ್ದುಕೊಂಡರು. "ನೋಡೇ, ನಂಗೇನಾಗುತ್ತೆ ನೋಡು!" ಎಂದು ಹೋಗಿ ಗಲ್ಲಾಪೆಟ್ಟಿಗೆಯ ಮುಂದೆ ಕೂತರು.

ಮೊದಲು ಏನೂ ಆಗಲಿಲ್ಲ. ಸ್ವಲ್ಪ ಹೊತ್ತಿಗೆ ಕತ್ತು ಕೆರೆದುಕೊಂಡರು. ಆಮೇಲೆ ಕಂಕುಳು. ಆಮೇಲೆ ತಕ್ಕಡಿ ಕೆಳಗಿಟ್ಟು ಎರಡೂ ಕೈಯಲ್ಲಿ ಬೆನ್ನು. ರಾಗಿ ಕೇಳಿದವರಿಗೆ ಹುರುಳಿ ಸುರಿದರು.

"ಏನ್ ಶೆಟ್ರೇ, ಕುಣೀತಾ ಕುಣೀತಾ ತೂಗ್ತಾ ಇದ್ದೀರಿ?" ಎಂದ ಗಿರಾಕಿ.

ಶೆಟ್ಟರು ಒಳಗೆ ಓಡಿ ಸೀಗೆಪುಡಿ ಹಾಕಿ ತಿಕ್ಕಿ ಸ್ನಾನ ಮಾಡಿದರು. ಬಂದು, ಹಟ ಬಿಡಬಾರದಲ್ಲ, ಮತ್ತೆ ಗೋಣಿ ಹೊದ್ದರು. ಮತ್ತೆ ನವೆ. ಮತ್ತೆ ಸ್ನಾನ.

ಸಾಕಮ್ಮ ಸೊಪ್ಪು ಬಿಡಿಸುತ್ತಾ, ತಲೆ ಎತ್ತದೇ ಹೇಳಿದರು: "ಬೇವಿನೆಣ್ಣೆ ಹಚ್ಲಾ? ಇಲ್ಲ, ದೃಷ್ಟಿ ತೆಗೀಲಾ?"

ಗೋಣಿಯ ಕಡೆ ಚಾಚಿದ್ದ ಶೆಟ್ಟರ ಕೈ ಅಲ್ಲೇ ನಿಂತಿತು. ಅವರು ಗೋಣಿಯನ್ನು ನೋಡಿದರು. ಬುಟ್ಟಿಯನ್ನು ನೋಡಿದರು. ಬಂಗಾರಿಯ ತಲೆ ಇನ್ನೂ ಅಡುಗೆಮನೆಯ ಕಡೆಗೇ, ನೀರಿನ ಕಡೆಗೇ ತಿರುಗಿತ್ತು. ಬಾಯಿಲ್ಲದ ಜೀವ ಇಷ್ಟು ದಿನ ಹೇಳುತ್ತಲೇ ಇತ್ತು. ತಾವೇ ಪ್ರತಿ ಸಲವೂ ಎತ್ತಿಕೊಂಡು ಬಂದು ಅದೇ ಗೋಣಿಯ ಮೇಲೆ ಹಾಕಿದ್ದರು. ಅದೂ ಮುದ್ದಿನಿಂದ.

ಅವರೇ ಗೋಣಿಯನ್ನು ಬಚ್ಚಲ ಒಲೆಗೆ ಹಾಕಿದರು. ಹಿಂದೆಯೇ ಬುಟ್ಟಿಯನ್ನೂ ಹಾಕಿದರು. ಕಣ್ಣಲ್ಲಿ ನೀರು ಬಂತು. ಹೊಗೆ ಅಂದರು. ಆ ಉರಿಗೆ ಹಂಡೆಯ ನೀರು ಉಗುರು ಬೆಚ್ಚಗಾಯಿತು. ಅದನ್ನು ಕೊಳದಪ್ಪಲೆಗೆ ಸುರಿದು, ಬಂಗಾರಿಯ ತಲೆಯನ್ನು ಅಂಗೈಯಲ್ಲಿ ಮೇಲೆ ಹಿಡಿದು, ತುಂಬ ಹೊತ್ತು ನೆನೆಸಿದರು.

"ಮಾವನವರ ಗೋಣಿ ಕೊನೆಗೂ ಮೊಮ್ಮಗಳ ಸ್ನಾನಕ್ಕೆ ಬಂತು," ಎಂದರು ಸಾಕಮ್ಮ, ಮೆತ್ತಗೆ.

ಆಮೇಲೆ ದಿನವೂ ಸ್ನಾನ, ದಿನವೂ ಹಾಸಲು ಒಗೆದ ಬಟ್ಟೆ. ಹಳೇ ಜಾಗಕ್ಕೆಲ್ಲ ಕುದಿಯುವ ನೀರು. ಮಳೆ ಶುರುವಾಗುವ ಹೊತ್ತಿಗೆ ಬಂಗಾರಿ ತಲೆಯಿಂದ ಬಾಲದವರೆಗೆ ಒಂದೇ ತುಂಡಾಗಿ ಪೊರೆ ಬಿಟ್ಟಿತು. ಅದೇ ವಾರ ಇಲಿಯನ್ನೂ ಹಿಡಿಯಿತು. ಅಂಗಡಿಯಲ್ಲಿ ವ್ಯಾಪಾರ ಎಂದಿನಂತೆ ನಡೆಯಿತು. ಲಕ್ಷ್ಮಿ ಎಲ್ಲೂ ಹೋಗಿರಲಿಲ್ಲ.

ಮುಂದಿನ ಶುಕ್ರವಾರ ಶೆಟ್ಟರು ಕುಂಕುಮದ ಬಟ್ಟಲು ಹಿಡಿದು, ಯಾವುದಕ್ಕೆ ಇಡುವುದೆಂದು ತಿಳಿಯದೆ ಮನೆಯೆಲ್ಲ ಸುತ್ತಿದರು. ಕೊನೆಗೆ ಬಂಗಾರಿಯನ್ನು ಬದುಕಿಸಿದ ಕೊಳದಪ್ಪಲೆಗೆ ಭಕ್ತಿಯಿಂದ ಇಟ್ಟು, ಕೈ ಮುಗಿದು ಹೇಳಿದರು:

"ಇದನ್ನ ಇನ್ಮೇಲೆ ತೊಳೀಬೇಡ ಕಣೇ."

ಸಾಕಮ್ಮ ಹಣೆ ಚಚ್ಚಿಕೊಂಡರು.

ನೀತಿ: ಹಾಸಿಗೆ ಅದೇ ಆಗಿದ್ದರೆ ಮೈ ಎಷ್ಟು ತೊಳೆದರೂ ನುಸಿ ಹೋಗುವುದಿಲ್ಲ. ನಮ್ಮವರು ನರಳುವಾಗ ಮದ್ದು ಹುಡುಕುವ ಮೊದಲು, ನಾವೇ ಅವರ ಕೆಳಗೆ ಏನು ಹಾಸಿದ್ದೇವೆ ಎಂದು ಎತ್ತಿ ನೋಡಬೇಕು. ಮುಟ್ಟಲೇಬಾರದು ಎಂದು ನಾವು ಇಟ್ಟುಕೊಂಡಿರುವುದನ್ನು ಎಲ್ಲಕ್ಕಿಂತ ಮೊದಲು ಎತ್ತಿ ನೋಡಬೇಕು.