ಬಣ್ಣಗಾರನಿಗೆ ಬಾರದ ರೋಗ

"ಗುರುಗಳೇ, ನಾನೂ ನನ್ನ ಅಕ್ಕನೂ ಒಂದೇ ತಟ್ಟೆಯಲ್ಲಿ ಉಂಡು ಬೆಳೆದೆವು. ಕ್ಯಾನ್ಸರ್ ಅವಳಿಗೆ ಮಾತ್ರ ಬಂತು. ಅವಳು ಮಾಡಿದ ತಪ್ಪೇನು?" ಎಂದು ಶಿಷ್ಯ ಪಂಚಾಕ್ಷರಿ ಕೇಳಿದ. ಅಕ್ಕ ತೀರಿಕೊಂಡು ಒಂದು ವರ್ಷವಾಗಿತ್ತು.

ಗುರುಗಳು ಹೇಳಿದರು:

ನೇಕಾರರ ಊರೊಂದರಲ್ಲಿ ಒಬ್ಬ ಬಣ್ಣಗಾರನಿದ್ದ. ಸೀರೆಯ ನೂಲಿಗೆ ಬಣ್ಣ ಹಾಕಿಕೊಡುವುದು ಅವನ ಕಸುಬು. ಹೆಂಡತಿ ಬಾಳವ್ವ ಅವನ ಜೊತೆಗೇ ದುಡಿಯುತ್ತಿದ್ದಳು. ಕುದಿಯುವ ಹಂಡೆಯ ಈಚೆ ಅವನು, ಆಚೆ ಅವಳು. ಪುಡಿ ಕಲಸುವುದು, ನೂಲಿನ ಲಡಿ ಹಿಂಡುವುದು ಎಲ್ಲ ಬರಿಗೈಯಲ್ಲೇ. ಇಪ್ಪತ್ತಾರು ವರ್ಷ ಇಬ್ಬರ ಕೈಗಳೂ ಒಂದೇ ಬಣ್ಣದವಾಗಿದ್ದವು. ಬಣ್ಣ ಸರಿಯಾಗಿ ಏರಿತೋ ಇಲ್ಲವೋ ಎಂದು ಹೇಳುವವಳು ಮಾತ್ರ ಅವಳೇ. ಆ ವಿಷಯದಲ್ಲಿ ಅವನು ತನ್ನ ಕಣ್ಣನ್ನು ನಂಬುತ್ತಿರಲಿಲ್ಲ.

ಒಮ್ಮೆ ಬಾಳವ್ವನಿಗೆ ಮೂತ್ರದಲ್ಲಿ ರಕ್ತ ಹೋಯಿತು. ಕೆಲಸ ನಿಲ್ಲುತ್ತದೆಂದು ಅವಳು ಹೇಳಲಿಲ್ಲ. ಹೇಳುವಷ್ಟರಲ್ಲಿ ಮೂತ್ರಕೋಶದ ಕ್ಯಾನ್ಸರ್ ಬಲಿತಿತ್ತು. ಎಂಟು ತಿಂಗಳಿಗೆ ಹೋದಳು.

ಹರಕೆ ತಪ್ಪಿಸಿದ್ದಳು ಎಂದರು ಕೆಲವರು. ಕದ್ದು ತಂಬಾಕು ತಿನ್ನುತ್ತಿದ್ದಳು ಎಂದರು ಇನ್ನು ಕೆಲವರು. ಎರಡೂ ಸುಳ್ಳೆಂದು ಬಣ್ಣಗಾರನಿಗೆ ಗೊತ್ತಿತ್ತು. ಆದರೂ ಅವನು ಅವಳ ತಪ್ಪನ್ನು ಹುಡುಕಿದ. ಸಿಗಲಿಲ್ಲ. ತನ್ನದನ್ನು ಹುಡುಕಿದ. ಅದೂ ಸಿಗಲಿಲ್ಲ. ಕೊನೆಗೆ ಆ ರೋಗ ತನಗೂ ಬರಲೆಂದು ಕಾಯತೊಡಗಿದ. ಮೊದಲಿಗಿಂತ ಹೆಚ್ಚು ಹೊತ್ತು ಹಂಡೆಯಲ್ಲಿ ಕೈಯಾಡಿಸಿದ. ದಿನವೂ ಬೆಳಿಗ್ಗೆ ತನ್ನ ಮೂತ್ರದಲ್ಲಿ ಕೆಂಪು ಕಾಣುತ್ತದೆಯೇ ಎಂದು ನೋಡಿದ. ಹೀಗೆ ಮೂರು ವರ್ಷ ಕಳೆಯಿತು. ಏನೂ ಕಾಣಲಿಲ್ಲ.

ಬಾಳವ್ವನಿಗೆ ಚಿಕಿತ್ಸೆ ಕೊಟ್ಟಿದ್ದ ಡಾಕ್ಟರಮ್ಮನ ಬಳಿಗೆ ಹೋದ. ಆಕೆ ಪರೀಕ್ಷಿಸಿ, "ನಿಮಗ ಏನೂ ಇಲ್ಲ ಕಾಕಾ" ಎಂದಳು.

"ಯಾಕ ಇಲ್ಲರೀ? ಇಬ್ಬರೂ ಒಂದ ಹಂಡೇದಾಗ ಕೈ ಇಟ್ಟವರು."

ಡಾಕ್ಟರಮ್ಮ ಕುರ್ಚಿಯನ್ನು ಅವನ ಹತ್ತಿರಕ್ಕೆ ಎಳೆದುಕೊಂಡಳು. "ಬಣ್ಣದಾಗಿನ ವಿಷ ಇಬ್ಬರ ಮೈಯಾಗೂ ಹೋಗೇತಿ. ಅದನ್ನ ಮುರದು ಹೊರಗ ಹಾಕೋ ಕಿಣ್ವ ಅಂತ ಮೈಯಾಗ ಇರತಾವ. ಕೆಲವರಿಗೆ ಅವು ಲಗೂನ ಕೆಲಸ ಮಾಡತಾವ, ಕೆಲವರಿಗೆ ಸಾವಕಾಶ. ಹುಟ್ಟುವಾಗ ತಾಯಿತಂದಿಯಿಂದ ಬಂದದ್ದು ಅದು. ಸಾವಕಾಶ ಇದ್ದವರಿಗೆ ಈ ಕೆಲಸದಾಗ ಅಪಾಯ ಜಾಸ್ತಿ. ಹಂಗಂತ ಅವರಿಗೆಲ್ಲ ರೋಗ ಬರೂದಿಲ್ಲ, ಉಳಿದವರಿಗೆ ಬರೂದ ಇಲ್ಲ ಅಂತನೂ ಇಲ್ಲ. ಬಾಳವ್ವಾರದು ಹೆಂಗಿತ್ತೋ, ಆ ಪರೀಕ್ಷೆ ನಾವು ಮಾಡಿರಲಿಲ್ಲ."

ಬಾಳವ್ವನನ್ನು ಮೊದಲು ಕಾಳಿನ ಅಂಗಡಿಯವರ ಮನೆಗೆ ಕೇಳಿದ್ದರು. ಅವಳೇ ಬೇಡವೆಂದು ಹಟ ಹಿಡಿದು ಇವನನ್ನು ಮದುವೆಯಾಗಿದ್ದಳು. ಅದು ನೆನಪಾಗಿ ಬಣ್ಣಗಾರ ಕೇಳಿದ, "ಬ್ಯಾರೆ ಮನಿಗೆ ಹೋಗಿದ್ರ ಆಕಿ ಉಳೀತಿದ್ಲೇನ್ರೀ?"

"ಉಳೀತಿದ್ರೋ ಏನೋ, ನನಗ ಗೊತ್ತಿಲ್ಲ. ಆದ್ರ ನಿಮ್ಮನ್ನ ಮಾಡಿಕೊಂಡದ್ದು ಆಕೀ ತಪ್ಪಲ್ಲ. ನಿಮ್ಮ ತಪ್ಪೂ ಅಲ್ಲ."

ಅವನು ಅಲ್ಲೇ ಕುಳಿತು ಅತ್ತ. ಮೂರು ವರ್ಷದಲ್ಲಿ ಹಾಗೆ ಅತ್ತಿರಲಿಲ್ಲ. ತಪ್ಪು ಹುಡುಕುತ್ತಿದ್ದಷ್ಟು ದಿನವೂ ಅವನಿಗೆ ಅವಳ ಸಂಗಡ ಒಂದು ಕೆಲಸವಿತ್ತು. ಈಗ ಅದು ಮುಗಿಯಿತು. ಅವಳು ಇಲ್ಲ ಎಂಬುದಷ್ಟೇ ಉಳಿಯಿತು.

ಊರಿಗೆ ಮರಳುವಾಗ ಐದು ಜೊತೆ ರಬ್ಬರಿನ ಕೈಗವಸು ತಂದ. ಒಂದನ್ನು ತಾನು ಹಾಕಿಕೊಂಡು, ಉಳಿದವನ್ನು ಕೆಲಸಕ್ಕೆ ಬರುತ್ತಿದ್ದ ನಾಲ್ವರು ಹೆಂಗಸರಿಗೆ ಕೊಟ್ಟ. ಕೈಗೆ ನೂಲು ತಿಳಿಯುವುದಿಲ್ಲ ಎಂದು ಅವರು ಗೊಣಗಿದರು. ಯಾರ ಮೈ ಹೇಗಿದೆ ಎಂದು ಮುಖ ನೋಡಿ ಹೇಳಲಾಗದು, ಆದ್ದರಿಂದ ಎಲ್ಲರೂ ಹಾಕಲೇಬೇಕು ಎಂದ. ಪುಡಿ ಕಲಸುವಾಗ ಮೂಗಿಗೆ ಬಟ್ಟೆ ಕಟ್ಟಿಸಿದ. ಅವನ ಹಂಡೆಗೆ ಮತ್ತೆ ಯಾರೂ ಬರಿಗೈ ಹಾಕಲಿಲ್ಲ.

ಆದರೆ ಲಡಿ ಮೇಲೆತ್ತಿದಾಗಲೆಲ್ಲ ಅವನು ಅದನ್ನು ಹಂಡೆಯ ಆಚೆಗೆ ಚಾಚಿ ಹಿಡಿಯುತ್ತಿದ್ದ. ಬಣ್ಣ ಏರಿತೋ ಇಲ್ಲವೋ ಎಂದು ಬಾಳವ್ವ ಹೇಳುತ್ತಿದ್ದುದು ಅಲ್ಲಿ ನಿಂತೇ.

ಗುರುಗಳು ನಿಲ್ಲಿಸಿದರು.

"ಹಾಗಾದರೆ ನನ್ನ ಅಕ್ಕನಿಗೂ ಇಂಥದೇ ಕಾರಣವಿರಬಹುದೇ?" ಎಂದ ಪಂಚಾಕ್ಷರಿ.

"ಅದು ನನಗೆ ತಿಳಿಯದಪ್ಪ, ಅವಳು ಹೇಗೆ ನಗುತ್ತಿದ್ದಳು, ಅದನ್ನು ಹೇಳು" ಎಂದರು ಗುರುಗಳು.

"ಬಾಯಿಗೆ ಸೆರಗು ಅಡ್ಡ ಹಿಡಿದು ನಗುತ್ತಿದ್ದಳು" ಎಂದು ಪಂಚಾಕ್ಷರಿ ಹೇಳತೊಡಗಿದ.