ಕೆಳಗಿನ ಕುಣಿಕೆ

ಶಿಷ್ಯ ಕೇಳಿದ: "ಗುರುಗಳೇ, ನಾನು ಯಾರಿಗೂ ಕೆಟ್ಟದ್ದು ಮಾಡುವುದಿಲ್ಲ. ಯಾರ ತಂಟೆಗೂ ಹೋಗುವುದಿಲ್ಲ. ನನ್ನ ಪಾಡಿಗೆ ನಾನಿರುತ್ತೇನೆ. ಬದುಕುವುದಕ್ಕೆ ಇಷ್ಟು ಸಾಲದೇ?"

ಗುರುಗಳು ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದು ಕತೆ ಹೇಳಿದರು.

ಹೊಳೆಯ ದಂಡೆಯ ಒಂದು ಊರಿನಲ್ಲಿ ಒಬ್ಬ ಕುಂಬಾರನಿದ್ದ. ಅವನ ಮಡಕೆಗಳಿಗೆ ಸುತ್ತಲೂ ಒಳ್ಳೆಯ ಹೆಸರಿತ್ತು. ಆದರೆ ಗಾಡಿಯಲ್ಲಿ ಹೇರಿಕೊಂಡು ಸಂತೆಗೆ ಹೋದರೆ ದಾರಿಯ ಕುಲುಕಾಟಕ್ಕೆ ಎಷ್ಟೋ ಮಡಕೆಗಳು ಬಿರುಕು ಬಿಡುತ್ತಿದ್ದವು. ನೀರಿನ ದಾರಿಯಲ್ಲಿ ಹಳ್ಳದಿಣ್ಣೆಗಳಿಲ್ಲವಲ್ಲ ಎಂದು ಅವನಿಗೆ ಹೊಳೆಯಿತು. ಒಂದು ಹಳೆಯ ದೋಣಿ ಕೊಂಡ. ಗಳ ಹಾಕಿ ನಡೆಸುವುದನ್ನು ಕಲಿತ. ಹೊಳೆಯ ಕೆಳಗಿದ್ದ ಸಂತೆಯೂರಿಗೆ ಮಡಕೆ ಸಾಗಿಸತೊಡಗಿದ.

ಸಂತೆಯೂರಿನ ಕಡವಿನಲ್ಲಿ ದೋಣಿ ಕಟ್ಟುವುದಕ್ಕೆ ಕೆಲವು ಕಟ್ಟುಪಾಡುಗಳಿದ್ದವು. ಅವನ್ನು ಎಲ್ಲಿಯೂ ಬರೆದಿಟ್ಟಿರಲಿಲ್ಲ. ಹೊಸಬ ತಪ್ಪಿದಾಗ ಯಾರಾದರೊಬ್ಬರು ಹೇಳುತ್ತಿದ್ದರು, ಅಷ್ಟೇ. ಕುಂಬಾರನದು ಒಂದು ಬಗೆಯ ಸ್ವಭಾವ. ಹೀಗೆ ಮಾಡು ಎಂದರೆ ಮಾಡುತ್ತಿದ್ದ. ಆದರೆ ಯಾಕೆ ಎಂದು ತಿಳಿಯುವವರೆಗೆ ಅವನಿಗೆ ಸಮಾಧಾನವಿರುತ್ತಿರಲಿಲ್ಲ.

ದೋಣಿಯ ಮೂತಿ ಹರಿವಿಗೆ ಎದುರಾಗಿರಬೇಕು ಎಂದರು. ಒಂದು ದಿನ ಬೇಕೆಂದೇ ಹಿಂದುಮುಂದಾಗಿ ಕಟ್ಟಿ ನೋಡಿದ. ನೀರು ಹಿಂಬದಿಗೆ ಬಡಿದು ಒಳಕ್ಕೆ ನುಗ್ಗಿತು. ಸರಿ, ತಿಳಿಯಿತು. ಕಟ್ಟಿದ ದೋಣಿಗಳ ಹತ್ತಿರ ಬಂದಾಗ ಮೆಲ್ಲಗೆ ಸಾಗಬೇಕು ಎಂದರು. ಮರಳಿನ ದೊಡ್ಡ ದೋಣಿಯೊಂದು ಬಿರುಸಾಗಿ ಬಂದ ದಿನ ಅದರ ಅಲೆಗೆ ಅವನ ಮಡಕೆಗಳೇ ಒಂದಕ್ಕೊಂದು ತಾಕಿ ಒಡೆದವು. ಅದೂ ತಿಳಿಯಿತು. ನೀರಿಗೆ ಬರುವ ಹೆಂಗಸರ ಮೆಟ್ಟಿಲಿಗೆ ದೋಣಿ ಅಡ್ಡ ನಿಲ್ಲಿಸಬಾರದು ಎಂದರು. ಇದಕ್ಕೆ ಕಾರಣ ಕೇಳುವ ಪ್ರಮೇಯವೇ ಬರಲಿಲ್ಲ. ಅಡ್ಡ ನಿಲ್ಲಿಸಿದ ದಿನ ಹೆಂಗಸರೇ ವಿವರವಾಗಿ ಹೇಳಿದರು.

ದಡ ಸೇರಲು ಇನ್ನೊಬ್ಬರ ದೋಣಿಯನ್ನು ದಾಟಬೇಕಾದರೆ ಒಂದು ಮಾತು ಕೇಳಿ ಮೂತಿಯ ಕಡೆಯಿಂದ ದಾಟಬೇಕು, ನಡುವೆ ಹಾಯಬಾರದು. ನಡುವೆ ಅವರ ಒಲೆಯಿರುತ್ತದೆ, ಹಾಸಿಗೆಯಿರುತ್ತದೆ, ಮಲಗಿದ ಕೂಸಿರುತ್ತದೆ. ಅದು ಅವರ ಮನೆ. ಈ ಮಾತು ಕುಂಬಾರನಿಗೆ ತುಂಬ ಹಿಡಿಸಿತು. ಒಡೆಯನಿಲ್ಲದಾಗ ಅವನ ದೋಣಿಯ ಹಗ್ಗ ಬಿಚ್ಚಬಾರದು ಎಂಬುದು ಎಲ್ಲಕ್ಕಿಂತ ದೊಡ್ಡ ಕಟ್ಟುಪಾಡು. ಅದನ್ನು ಆ ಕಡವಿನಲ್ಲಿ ಯಾರೂ ಮೀರುತ್ತಿರಲಿಲ್ಲ.

ಒಂದೇ ಒಂದು ಸಂಗತಿ ಅವನಿಗೆ ಬಗೆಹರಿಯಲಿಲ್ಲ.

ಕಡವಿನಲ್ಲಿ ದೋಣಿ ಕಟ್ಟಲು ಒಂದು ಮೋಟು ಕಲ್ಲುಕಂಬವಿತ್ತು. ಹಲವರು ಅದಕ್ಕೇ ಕಟ್ಟಬೇಕಾಗಿತ್ತು. ಮೊದಲು ಬಂದವನು ತನ್ನ ಹಗ್ಗದ ಕುಣಿಕೆಯನ್ನು ಕಂಬದ ತಲೆಯಿಂದ ಇಳಿಬಿಡುತ್ತಿದ್ದ. ಆಮೇಲೆ ಬಂದವನು ಅದರ ಮೇಲೆ ಹಾಗೆಯೇ ಹಾಕುವಂತಿಲ್ಲ. ತನ್ನ ಕುಣಿಕೆಯನ್ನು ಮೊದಲಿನವನ ಕುಣಿಕೆಯೊಳಗೆ ಕೆಳಗಿನಿಂದ ತೂರಿಸಿ, ಮೇಲಕ್ಕೆ ಎಳೆದು, ಆಮೇಲೆ ಕಂಬಕ್ಕೆ ಹಾಕಬೇಕು.

ಯಾಕೆ ಎಂದು ಕುಂಬಾರ ಕೇಳಿದ. ಮೇಲಿಂದ ಹಾಕಿದರೆ ಗಂಗವ್ವ ಮುನಿಯುತ್ತಾಳೆ ಎಂದ ಒಬ್ಬ. ನಮ್ಮಪ್ಪ ಹಾಗೆ ಕಟ್ಟುತ್ತಿದ್ದ ಎಂದ ಇನ್ನೊಬ್ಬ. ದಡದಲ್ಲಿ ಕೂತು ಬಲೆ ಹೊಲಿಯುತ್ತಿದ್ದ ಮುದುಕಿ, "ಹಾಗೆ ಕಟ್ಟಿದರೆ ನೋಡೋಕೂ ಚಂದ" ಎಂದಳು. ಯಾವ ಉತ್ತರವೂ ಅವನಿಗೆ ಉತ್ತರವೆನಿಸಲಿಲ್ಲ. ಮತ್ತೇನು ಮಾಡುವುದು, ಮೀರಿ ನೋಡಿದ. ತನ್ನ ಕುಣಿಕೆಯನ್ನು ಎಲ್ಲರ ಕುಣಿಕೆಯ ಮೇಲೆ ಹಾಕಿದ. ಏನೂ ಆಗಲಿಲ್ಲ. ಮುಂದಿನ ಸಂತೆಗೂ ಹಾಗೆಯೇ ಮಾಡಿದ. ಆಗಲೂ ಏನೂ ಆಗಲಿಲ್ಲ. ಅವನು ಕಡವಿಗೆ ಬರುತ್ತಿದ್ದುದು ಎಲ್ಲರಿಗಿಂತ ಕಡೆಗೆ, ಹೊರಡುತ್ತಿದ್ದುದು ಎಲ್ಲರಿಗಿಂತ ಮೊದಲು. ಏನಾದರೂ ಆಗುವುದಾದರೂ ಹೇಗೆ?

ಮಳೆಗಾಲ ಶುರುವಾಯಿತು. ಹೊಳೆಯ ಸೆಳೆತ ಹೆಚ್ಚಿತು. ಕುಂಬಾರನಿಗೆ ಮಡಕೆಗಳ ಚಿಂತೆ. ಬರೀ ಕುಣಿಕೆ ಸಾಲದೆಂದು ಅದರ ಮೇಲೆ ಹಗ್ಗವನ್ನು ಕಂಬಕ್ಕೆ ಸುತ್ತು ಸುತ್ತಿ ಬಿಗಿಯಾಗಿ ಗಂಟು ಹಾಕತೊಡಗಿದ. ಮುದುಕಿ ನೋಡಿ, "ಹಾಗೆ ಕಟ್ಟಬಾರದಪ್ಪ" ಎಂದಳು.

"ನನ್ನ ದೋಣಿಗೆ ನನ್ನ ಹಗ್ಗ ಕಟ್ಟಿದ್ದೇನಜ್ಜಿ. ಇದರಿಂದ ಯಾರಿಗೆ ಏನು?" ಎಂದ ಕುಂಬಾರ.

ಮುದುಕಿ ಬಲೆಯ ಕಡೆಗೆ ತಿರುಗಿಕೊಂಡಳು.

ಒಂದು ಸಂತೆಯ ದಿನ ಹೊಳೆ ಕೆಂಪಗೆ ಹರಿಯುತ್ತಿತ್ತು. ಮೇಲುಗಡೆ ಚೆನ್ನಾಗಿ ಮಳೆಯಾಗಿತ್ತು. ಕುಂಬಾರ ಬರುವ ಹೊತ್ತಿಗೆ ಕಂಬದಲ್ಲಿ ಒಂದೇ ಒಂದು ಕುಣಿಕೆಯಿತ್ತು. ಅದು ಎದುರುದಡದ ಒಬ್ಬ ಬೆಸ್ತನದು. ಅದರ ಮೇಲೆ ಕುಂಬಾರ ತನ್ನ ಹಗ್ಗ ಸುತ್ತಿ, ಹಿಂದೆಂದಿಗಿಂತ ಬಿಗಿಯಾಗಿ ಗಂಟು ಹಾಕಿ, ಹೊರುವಷ್ಟು ಮಡಕೆಗಳನ್ನು ಹೊತ್ತು ಸಂತೆಗೆ ಹೋದ. ಉಳಿದವು ದೋಣಿಯಲ್ಲಿದ್ದವು.

ಮಧ್ಯಾಹ್ನ ಕಳೆದು ಅವನು ತಿರುಗಿ ಬಂದಾಗ ನೀರು ಇನ್ನೂ ಏರಿತ್ತು. ದೋಣಿ ಇದ್ದಲ್ಲೇ ಇತ್ತು. ಒಂದು ಮಡಕೆಯೂ ಅಲುಗಿರಲಿಲ್ಲ. ತನ್ನ ಗಂಟಿನ ಮೇಲೆ ಅವನಿಗೆ ಹೆಮ್ಮೆಯಾಯಿತು. ಆಮೇಲೆ ಅವನ ಕಣ್ಣು ಗಂಟಿನ ಕೆಳಕ್ಕೆ ಹೋಯಿತು. ಬೆಸ್ತನ ಕುಣಿಕೆ ಅಲ್ಲೇ ಇತ್ತು. ಅದರ ಹಗ್ಗ ನೀರಿನಲ್ಲಿ ಉದ್ದಕ್ಕೆ ತೇಲುತ್ತಿತ್ತು. ಹಗ್ಗದ ತುದಿಯಲ್ಲಿ ದೋಣಿಯಿರಲಿಲ್ಲ.

"ಅಜ್ಜಿ, ಈ ದೋಣಿ ಏನಾಯಿತು?" ಎಂದು ಕೇಳಿದ.

ಮುದುಕಿ ನಡೆದದ್ದನ್ನು ಹೇಳಿದಳು. ಬೆಸ್ತನ ಜೊತೆ ಅವನ ಬಸುರಿ ಹೆಂಡತಿಯೂ ಸಂತೆಗೆ ಬಂದಿದ್ದಳು. ದಿನ ತುಂಬಿರಲಿಲ್ಲ, ಆದರೂ ಇಲ್ಲೇ ನೋವು ಶುರುವಾಯಿತು. ಸಂತೆಯೂರಿನ ಸೂಲಗಿತ್ತಿ ಊರಲ್ಲಿರಲಿಲ್ಲ. ಇನ್ನೊಬ್ಬ ಸೂಲಗಿತ್ತಿ ಇರುವುದು ಆಚೆದಡದಲ್ಲಿ. ಬೆಸ್ತ ಹೆಂಡತಿಯನ್ನು ದೋಣಿಯಲ್ಲಿ ಮಲಗಿಸಿ ಕುಣಿಕೆ ತೆಗೆಯಲು ಕಂಬದ ಹತ್ತಿರ ಬಂದ. ಕುಣಿಕೆ ಮೇಲಕ್ಕೆ ಬರಲಿಲ್ಲ.

"ನಾನೇ ಹೇಳಿದೆ ಕಣಪ್ಪ. ಮೇಲಿನದನ್ನು ಬಿಚ್ಚಿಬಿಡೋ, ಹೋದರೆ ಮಡಕೆ ತಾನೆ ಅಂತ. ಅವನು ನಿನ್ನ ಗಂಟಿಗೆ ಕೈ ಹಾಕಿದ. ಮಡಕೆಗಳನ್ನು ನೋಡಿದ. ಕೈ ತೆಗೆದ. ಓಡಿಹೋಗಿ ತನ್ನ ಹಗ್ಗವನ್ನೇ ದೋಣಿಯ ಕಡೆಯಿಂದ ಕಳಚಿ ನೀರಿಗೆ ಎಸೆದು ಹೊರಟುಹೋದ."

ಕುಂಬಾರ ಕಂಬದ ಮುಂದೆ ನಿಂತೇ ಇದ್ದ. ಇಷ್ಟು ದಿನ ಹುಡುಕಿದ ಉತ್ತರ ಅವನ ಮುಂದೆ ನೀರಿನಲ್ಲಿ ತೇಲುತ್ತಿತ್ತು. ತಿಳಿದಾಗ ಆಗುತ್ತಿದ್ದ ಸಂತೋಷ ಈ ಸಲ ಆಗಲಿಲ್ಲ. ಇನ್ನೊಂದು ಯೋಚನೆ ಬಂತು. ಹಗ್ಗವಿಲ್ಲದ ದೋಣಿಯನ್ನು ಆ ಮನುಷ್ಯ ಆಚೆದಡದಲ್ಲಿ ಯಾವುದರಿಂದ ಕಟ್ಟುತ್ತಾನೆ?

ಸಂತೆ ಮುಗಿಸಿ ಬರುತ್ತಿದ್ದವರನ್ನು ಕೂಗಿ ಕರೆದು ದೋಣಿ ಹಿಡಿಯಲು ಹೇಳಿದ. ನೆನೆದು ಉಬ್ಬಿದ ಗಂಟು ಬೆರಳಿಗೆ ಬಗ್ಗಲಿಲ್ಲ. ಹಲ್ಲಿನಿಂದ ಕಚ್ಚಿ ಬಿಡಿಸಿದ. ಬೆಸ್ತನ ಹಗ್ಗವನ್ನು ಸುತ್ತಿ ದೋಣಿಯೊಳಗೆ ಹಾಕಿಕೊಂಡ. ಈ ನೀರಿಗೆ ಇಳಿಯಬೇಡ, ನಿನ್ನ ಕೈ ಇನ್ನೂ ಅಷ್ಟು ಪಳಗಿಲ್ಲ ಎಂದು ಅವರು ಕೂಗಿದರು. ಅವನು ಆಗಲೇ ಗಳ ಊರಿದ್ದ.

ಸೆಳೆತ ಅವನನ್ನು ಕೆಳಗೆ ಕೆಳಗೆ ಎಳೆಯಿತು. ಗಳ ನೆಲಕ್ಕೆ ಎಟುಕದ ಕಡೆ ಹುಟ್ಟು ಹಾಕಿದ. ಹಿಂದೆ ಮಡಕೆಗಳು ಉರುಳಿ ಒಡೆಯುವ ಸದ್ದು ಕೇಳುತ್ತಿತ್ತು. ಅವನು ತಿರುಗಿ ನೋಡಲಿಲ್ಲ.

ಆಚೆದಡ ಕಡಿದಾಗಿತ್ತು. ದೋಣಿಯನ್ನು ಎಳೆದು ಹಾಕುವ ಜಾಗವಿರಲಿಲ್ಲ. ಕಟ್ಟುವುದಕ್ಕೆ ಅಲ್ಲಿದ್ದುದು ಕಡಿದ ಹೊಳೆಮತ್ತಿ ಮರದ ಬೊಡ್ಡೆಯೊಂದೇ. ಬೆಸ್ತ ಅದರ ಕೆಳಗೆ ಎದೆಮಟ್ಟ ನೀರಿನಲ್ಲಿ ನಿಂತಿದ್ದ. ಒಂದು ತೋಳನ್ನು ಬೇರಿಗೆ ತೊಡಕಿಸಿ, ಇನ್ನೊಂದು ಕೈಯಲ್ಲಿ ದೋಣಿಗೆ ಹಗ್ಗ ಕಟ್ಟುವ ಕಬ್ಬಿಣದ ಬಳೆ ಹಿಡಿದಿದ್ದ. ಹೆಗಲ ಮೇಲಿನ ಪಂಚೆಯಿಂದ ಕಟ್ಟಲು ನೋಡಿರಬೇಕು. ಅದರ ಹರಿದ ಚೂರು ಬೊಡ್ಡೆಯಲ್ಲಿ ನೇತಾಡುತ್ತಿತ್ತು. ದೋಣಿಗೆ ಸೀರೆಯ ಮರೆ ಕಟ್ಟಿತ್ತು. ಕೂಗು ಕೇಳಿ ಬಂದ ಸೂಲಗಿತ್ತಿ ಒಳಗಿದ್ದಳು. ಹೆಣ್ಣನ್ನು ದಡಕ್ಕೆ ಎತ್ತುವ ಹಾಗಿರಲಿಲ್ಲ. ಬೆಸ್ತ ಕೈ ಬಿಟ್ಟರೆ ದೋಣಿಯ ಜೊತೆ ಒಳಗಿದ್ದವರನ್ನೂ ಹೊಳೆ ಒಯ್ಯುತ್ತಿತ್ತು.

"ಅಣ್ಣ, ನಿಮ್ಮ ಹಗ್ಗ ತಂದಿದ್ದೇನೆ!" ಎಂದು ಕುಂಬಾರ ಕೂಗಿದ.

ಬೆಸ್ತ ತಲೆಯೆತ್ತಿದ.

ಕುಂಬಾರ ತನ್ನ ದೋಣಿಯ ಹಗ್ಗವನ್ನು ಸೊಂಟಕ್ಕೆ ಬಿಗಿದುಕೊಂಡು ನೀರಿಗೆ ಹಾರಿದ. ತನ್ನ ದೋಣಿ ದಡಕ್ಕೆ ಬಡಿಯುತ್ತಿದ್ದರೆ ಬಡಿಯಲಿ ಎಂದು ಬಿಟ್ಟು, ಮೊದಲು ಬೆಸ್ತನ ಹಗ್ಗವನ್ನು ಅವನ ದೋಣಿಯ ಬಳೆಗೆ ಕಟ್ಟಿದ. ಅದರ ಕುಣಿಕೆಯನ್ನು ಬೊಡ್ಡೆಯ ತಲೆಗೆ ಹಾಕಿದ. ದೋಣಿ ಜಗ್ಗಿ ನಿಂತಿತು. ಆಮೇಲೆ ತನ್ನ ಹಗ್ಗ ಬಿಚ್ಚಿ, ಅದರ ಕುಣಿಕೆ ಹಿಡಿದು ಬೊಡ್ಡೆಯತ್ತ ಕೈ ಚಾಚಿದ. ಚಾಚಿದ ಕೈ ಅಲ್ಲೇ ನಿಂತಿತು. ಕುಣಿಕೆಯನ್ನು ಬೆಸ್ತನ ಕುಣಿಕೆಯೊಳಗೆ ಕೆಳಗಿನಿಂದ ತೂರಿಸಿ ಮೇಲೆ ತಂದು ಹಾಕಿದ. ಈಗ ಯಾರು ಮೊದಲು ಹೊರಟರೂ ಇನ್ನೊಬ್ಬರ ಹಗ್ಗವನ್ನು ಮುಟ್ಟಬೇಕಾಗಿರಲಿಲ್ಲ. ಇಷ್ಟು ಸುಲಭದ್ದು. ಕಣ್ಣ ಮುಂದೆಯೇ ಇದ್ದದ್ದು.

ಬೆಸ್ತನನ್ನು ಮೇಲಕ್ಕೆ ಎಳೆದು ಕೂರಿಸಿದ. ಅವನ ಬೆರಳುಗಳು ಬಳೆ ಹಿಡಿದ ಹಾಗೆಯೇ ಮಡಚಿಕೊಂಡಿದ್ದವು, ಬಿಚ್ಚಲು ಬರುತ್ತಿರಲಿಲ್ಲ. ಕುಂಬಾರ ಆ ಕೈಯನ್ನು ತನ್ನ ಎರಡೂ ಕೈಗಳ ನಡುವೆ ಇಟ್ಟುಕೊಂಡು ಉಜ್ಜುತ್ತ ಕೂತ. ಮರೆಯ ಒಳಗಿಂದ ಸೂಲಗಿತ್ತಿ, ನೀರು ಕಾಯಿಸಲು ಏನಾದರೂ ಇದೆಯೇ ಎಂದು ಕೇಳಿದಳು. ಅವನು ಎದ್ದು ಹೋಗಿ ತನ್ನ ದೋಣಿಯಲ್ಲಿ ಹುಡುಕಿದ. ಚೂರುಗಳ ನಡುವೆ ಒಡೆಯದೆ ಉಳಿದ ಒಂದು ಮಡಕೆ ಸಿಕ್ಕಿತು. ದಡದಲ್ಲಿ ಮೂರು ಕಲ್ಲು ಹೂಡಿ ಬೆಂಕಿ ಮಾಡಿ ನೀರು ಕಾಯಿಸಿ ಕೊಟ್ಟ. ಸ್ವಲ್ಪ ಹೊತ್ತಿಗೆ ಮಗು ಅತ್ತಿತು. ತಾಯಿಯ ದನಿಯೂ ಕೇಳಿಸಿತು. ಬೆಸ್ತ ಮುಖ ಮುಚ್ಚಿಕೊಂಡು ಅತ್ತ.

ಕುಂಬಾರ ಅವನ ಪಕ್ಕಕ್ಕೆ ಬಂದು ಕೂತ. "ಅಣ್ಣ, ನನ್ನ ಗಂಟು ಬಿಚ್ಚಿಬಿಡಬಾರದಿತ್ತೇ?" ಎಂದು ಕೇಳಿದ.

"ಬಿಚ್ಚಿದರೆ ದೋಣಿ ಹಿಡಿಯುವವರು ಯಾರೂ ಇರಲಿಲ್ಲ. ಕೇಳೋಣವೆಂದರೆ ನೀವೂ ಇರಲಿಲ್ಲವಲ್ಲ" ಎಂದ ಬೆಸ್ತ.

ಅವನ ಮಾತಿನಲ್ಲಿ ಸಿಟ್ಟಿರಲಿಲ್ಲ. ಅದಕ್ಕೇ ಕುಂಬಾರನಿಗೆ ಅದನ್ನು ಕೇಳಿ ತಡೆದುಕೊಳ್ಳುವುದು ಕಷ್ಟವಾಯಿತು.

ಬೆಸ್ತನ ಕೈ ಸರಿಹೋಗಲು ಬಹಳ ಕಾಲ ಹಿಡಿಯಿತು. ಆ ಮಳೆಗಾಲವೆಲ್ಲ ಅವನ ಬಲೆ ಎಳೆದವನು ಕುಂಬಾರ. ಮಡಕೆ ಮಾಡುವ ತಿಗರಿ ಮೂಲೆಯಲ್ಲಿ ನಿಂತಿತು. ಬೆಸ್ತ ಎಂದೂ ಹಗ್ಗದ ಮಾತೆತ್ತಲಿಲ್ಲ. ಮುಂದೆ ಸಂತೆಯೂರಿನ ಕಡವಿಗೆ ಹೊಸಬರು ಬಂದು, ಹೀಗೇ ಯಾಕೆ ಕಟ್ಟಬೇಕು ಎಂದು ಕೇಳಿದರೆ, ಜನ ಕುಂಬಾರನ ಕಡೆಗೆ ಕೈ ತೋರಿಸುತ್ತಿದ್ದರು. ಅವನು ಗಂಗವ್ವನ ಸುದ್ದಿ ಹೇಳುತ್ತಿರಲಿಲ್ಲ, ಹಿರಿಯರ ಸುದ್ದಿಯನ್ನೂ ಹೇಳುತ್ತಿರಲಿಲ್ಲ. ಹೊಸಬರನ್ನು ಕಂಬದ ಹತ್ತಿರ ಕರೆದುಕೊಂಡು ಹೋಗಿ, ಮೊದಲೇ ಇದ್ದ ಕುಣಿಕೆಯನ್ನು ತೋರಿಸಿ, ಅದು ಯಾರದು, ಅವರ ಮನೆ ಎಲ್ಲಿ, ಅವರು ಈಗ ಎಲ್ಲಿಗೆ ಹೋಗಿದ್ದಾರೆ ಎಂದು ಹೇಳುತ್ತಿದ್ದ. ಆಮೇಲೆ, ಈಗ ಕಟ್ಟಿ ಎನ್ನುತ್ತಿದ್ದ.

ಗುರುಗಳು ಕತೆ ನಿಲ್ಲಿಸಿದರು. ಕತೆ ಶಿಷ್ಯನಿಗೆ ಹಿಡಿಸಿತ್ತು. ಆದರೆ ಅದು ತನಗೆ ಹೇಗೆ ಅನ್ವಯಿಸುತ್ತದೆ ಎಂಬುದು ಹೊಳೆಯಲಿಲ್ಲ.

"ಆ ಕುಂಬಾರ ಕೆಟ್ಟವನಲ್ಲ ಗುರುಗಳೇ. ಆದರೂ ಒಂದು ಕಂಬಕ್ಕೆ ಹಗ್ಗ ಹಾಕಿದ್ದ, ಅದರಿಂದ ಇಷ್ಟೆಲ್ಲ ಆಯಿತು. ನಾನು ಈ ಮಠದಲ್ಲಿ ಯಾವ ಕಂಬಕ್ಕೂ ಹಗ್ಗ ಹಾಕಿಲ್ಲ. ಕಿಟಕಿಯ ಹತ್ತಿರ ಒಂದು ಮೂಲೆಯಲ್ಲಿ ಕೂತು ನನ್ನಷ್ಟಕ್ಕೆ ನಾನು ಓದಿಕೊಳ್ಳುತ್ತೇನೆ" ಎಂದ.

ಗುರುಗಳು ಕೇಳಿದರು: "ನೀನು ಕೂರುವ ಆ ಬೆಳಕಿನ ಕಿಟಕಿಯ ಹತ್ತಿರ, ನೀನು ಬರುವ ಮೊದಲು ಯಾರು ಕೂರುತ್ತಿದ್ದರು?"